ಕೋವಿ ಕಂಡಿತು, ಮಾತು ಕೇಳಿಸಲಿಲ್ಲ

ಚೆನ್ನೈನ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೊಡಗಿನವರೊಬ್ಬರಿದ್ದಾರೆ. ನಮ್ಮ ಬ್ಯಾಂಕಿನಲ್ಲೇ ನನಗಿಂತ ಹತ್ತು ಹನ್ನೆರಡು ವರ್ಷ ಸೀನಿಯರ್, ಈಗ ನಿವೃತ್ತರು. ನಾನವರನ್ನು ಇವತ್ತಿಗೂ 'ಸಾರ್' ಅಂತಲೇ ಕರೆಯೋದು. ಹೆಸರು ಬರೆಯುವುದಿಲ್ಲ. ಅವರ ಹೆಸರು ಒಮ್ಮೆ ಅಚ್ಚಾಗಿದ್ದೇ ಸಾಕಾಗಿದೆ ಅವರಿಗೆ.

ಆಗಿದ್ದಿಷ್ಟು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕೊಡವರ ಕೋವಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡವ ಜನಾಂಗದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು ಅನ್ನೋ ವಿನಾಯಿತಿ ಅದು. ತೀರ್ಪು ಬಂದ ದಿನ ಒಂದು ಪತ್ರಿಕೆಯಿಂದ ನಮ್ಮ ಸಾರ್‌ಗೆ ಫೋನ್ ಬಂತು. ಚೆನ್ನೈನಲ್ಲಿರೋ ಕೊಡವರ ಪ್ರತಿಕ್ರಿಯೆ ಬೇಕು ಅಂತ. ಯಾರೋ ಇವರ ನಂಬರ್ ಕೊಟ್ಟಿದ್ದರಂತೆ. ಸಾರ್ ಅರ್ಧ ಗಂಟೆ ಮಾತಾಡಿದರು. ನಾನು ಪಕ್ಕದಲ್ಲೇ ಕೂತು ಅವರ ಮನೆ ಕಾಫಿ ಕುಡೀತಾ ಇದ್ದೆ.

ಮರುದಿನ ಪತ್ರಿಕೆಯಲ್ಲಿ ಬಂದಿದ್ದು ಎರಡು ಸಾಲು. ಕೋವಿ ನಮ್ಮ ಜನ್ಮಸಿದ್ಧ ಹಕ್ಕು ಅಂದರಂತೆ ನಿವೃತ್ತ ಬ್ಯಾಂಕ್ ಅಧಿಕಾರಿ. ಅದರ ಮೇಲೆ ಮೂರು ಕಾಲಮ್ಮಿನ ಹಳೇ ಫೋಟೋ: ಕಪ್ಪು ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಕೋವಿ ಆಕಾಶಕ್ಕೆ ಎತ್ತಿದ ಗಂಡಸರ ಸಾಲು. ಸಾರ್ ಆ ಫೋಟೋದಲ್ಲಿ ಇರಲೇ ಇಲ್ಲ. ಆದರೆ ಓದಿದವರಿಗೆ ಕಂಡಿದ್ದು ಅವರೇ.

ಅವತ್ತು ಸಂಜೆ ಲಿಫ್ಟಿನಲ್ಲಿ ಎರಡನೇ ಮಹಡಿಯವರು ಕೇಳಿದರು, "ಸಾರ್, ವೀಟ್ಲ ತುಪ್ಪಾಕ್ಕಿ ಇರುಕ್ಕಾ?" ಮನೇಲಿ ಕೋವಿ ಇದೆಯಾ ಅಂತ. ಕೇಳಿದ್ದು ನಗುತ್ತಲೇ. ಎರಡು ದಿನ ಬಿಟ್ಟು ಅಸೋಸಿಯೇಷನ್ನಿನ ಕಾರ್ಯದರ್ಶಿ ಬಂದು, ತಪ್ಪು ತಿಳೀಬೇಡಿ, ಆಯುಧ ಏನಾದರೂ ಇದ್ದರೆ ಬರೆದುಕೊಟ್ಟುಬಿಡಿ ಅಂದರು. ಆತ ನಗಲಿಲ್ಲ. ಸಂಜೆ ಸಾರ್ ಮನೆಗೆ ಚಾಕೊಲೇಟಿಗೆ ಬರುತ್ತಿದ್ದ ಮೂರು ಮಕ್ಕಳು ಆ ವಾರ ಬರಲಿಲ್ಲ. ಮಕ್ಕಳಿಗೆ ಪರೀಕ್ಷೆ ಇರಬೇಕು ಅಂದರು ಸಾರ್. ಇರಬಹುದು.

ಅವರ ಮನೆಯಲ್ಲಿ ಈರುಳ್ಳಿ ಹೆಚ್ಚೋ ಚಾಕು ಬಿಟ್ಟರೆ ಬೇರೆ ಆಯುಧ ಇಲ್ಲ. ಕೋವಿ ಇರೋದು ಊರಲ್ಲಿ, ಐನ್‌ಮನೆಯಲ್ಲಿ, ಅಣ್ಣನ ಮಗನ ಸುಪರ್ದಿಯಲ್ಲಿ.

*

ಇಲ್ಲಿ ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ನನಗೆ ಕೋವಿ ಕಂಡರೆ ಆಗುವುದಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೋವಿ ಹಿಡಿದ ಗಾರ್ಡನ್ನು ದಾಟಿಕೊಂಡೇ ಒಳಗೆ ಹೋಗಿದ್ದೇನೆ. ಕ್ಯಾಶ್ ವ್ಯಾನ್ ಬಂದಾಗ ಆತ ಕೋವಿ ಹೆಗಲಿಂದ ಕೆಳಗಿಳಿಸಿದರೆ ಇವತ್ತಿಗೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು. ಆ ಎರಡು ಸುದ್ದಿ ಕೇಳಿದ ಮೇಲೆ ಕೋವಿ ಪರವಾಗಿ ಯಾರು ಏನು ಹೇಳಿದರೂ ನನ್ನ ಕಿವಿ ತಾನಾಗೇ ಮುಚ್ಚಿಕೊಳ್ಳುತ್ತಿತ್ತು. ಅವರನ್ನು ಕೊಂದಿದ್ದು ನಾಡ ಪಿಸ್ತೂಲು, ಲೈಸೆನ್ಸೂ ಇಲ್ಲದ್ದು, ವಿನಾಯಿತಿಯೂ ಇಲ್ಲದ್ದು ಅನ್ನೋದು ಆಮೇಲೆ ತಲೆಗೆ ಹೋಯಿತು.

ಹೀಗಾಗಿ ಕೊಡವರಿಗೆ ವಿನಾಯಿತಿ ಬೇಕು ಅಂತ ವಕಾಲತ್ತು ಮಾಡಲು ನಾನಿದನ್ನು ಬರೀತಾ ಇಲ್ಲ. ಸಾರ್ ಅರ್ಧ ಗಂಟೆ ಹೇಳಿದ್ದು ಎಲ್ಲಿ ಹೋಯಿತು, ಅದು ಹೋಗಿದ್ದರಿಂದ ಯಾರಿಗೆ ನಷ್ಟ, ಅಷ್ಟೇ ನನ್ನ ಲೆಕ್ಕ. ಬ್ಯಾಂಕಿನವರಿಗೆ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ ನೋಡಿ :-)

ಅವರು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ.

ಕೊಡಗು 1834ರಲ್ಲಿ ಚಿಕ್ಕವೀರರಾಜೇಂದ್ರನ ಕೈತಪ್ಪಿ ಬ್ರಿಟಿಷರ ಪಾಲಾಯಿತು. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳೋ ಕಾನೂನು ತಂದರು. 1861ರಲ್ಲಿ ಮೈಸೂರು-ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ 41ನೇ ಸೆಕ್ಷನ್ನಿನಲ್ಲಿ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡೋ ಅಧಿಕಾರ ಇದೆ. ಅದರಡಿ ಹೊರಡಿಸಿದ ಅಧಿಸೂಚನೆಯಲ್ಲಿ ಹಳೇ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಅದನ್ನು ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ವಿಸ್ತರಿಸಿದರು. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಿದ್ದವರು ಸೈನ್ಯದಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಹುಟ್ಟಿದ ಕುಲ, ಹಿಡಿದ ಜಮೀನು ನೋಡಿ ಒಬ್ಬರಿಗೆ ಒಂದು ಕಾನೂನು, ಮತ್ತೊಬ್ಬರಿಗೆ ಇನ್ನೊಂದು ಹೇಗೆ ಅಂತ ಅವರ ಪ್ರಶ್ನೆ. ಕೋರ್ಟು ವಿನಾಯಿತಿ ಪರವಾಗಿ ನಿಂತಿತು.

ಸಾರ್ ಒತ್ತಿ ಹೇಳಿದ ಇನ್ನೊಂದು ವಿಷಯ ಜಮ್ಮಾ. ಇದು ನನಗೂ ಗೊತ್ತು. 1993ರಿಂದ ಮೂರು ವರ್ಷ ನಾನು ಕೊಡಗಿನ ಒಂದು ಬ್ರಾಂಚಿನಲ್ಲಿದ್ದೆ. ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೇನಾ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಕಾಫಿ ಸಾಲಕ್ಕೆ ಪಹಣಿ ತಂದರೆ ಅದರಲ್ಲಿ ಯಾವಾಗಲೋ ತೀರಿಕೊಂಡ ಪಟ್ಟೆದಾರರ ಹೆಸರು. ಕುಟುಂಬದವರೆಲ್ಲರ ಒಪ್ಪಿಗೆ ಬೇಕು, ಒಬ್ಬ ದೆಹಲಿಯಲ್ಲಿ, ಇನ್ನೊಬ್ಬ ಸೈನ್ಯದಲ್ಲಿ. ನಮಗೆ ತಲೆನೋವೋ ತಲೆನೋವು. ಆ ಫೈಲುಗಳಿಂದಲೇ ನನಗೆ ತಿಳಿದದ್ದೇನೆಂದರೆ ಜಮ್ಮಾ ಹಿಡುವಳಿದಾರರೆಲ್ಲ ಕೊಡವರಲ್ಲ. ಗೌಡರಿದ್ದಾರೆ, ಮುಸ್ಲಿಮರಿದ್ದಾರೆ, ಬೇರೆಯವರೂ ಇದ್ದಾರೆ. ಕಾನೂನಿನ ಪ್ರಕಾರ ಅವರಿಗೂ ಈ ವಿನಾಯಿತಿ ಉಂಟು. ಪತ್ರಿಕೆಗಳ ತಲೆಬರಹದಲ್ಲಿ ಮಾತ್ರ 'ಕೊಡವರಿಗೆ ಕೋವಿ'. ಉಳಿದವರು ಕಾಣಿಸುವುದೇ ಇಲ್ಲ.

ಕೊನೆಗೆ ಸಾರ್ ಹೇಳಿದ್ದು ಆಚರಣೆಯ ಬಗ್ಗೆ. ಗಂಡು ಮಗು ಹುಟ್ಟಿದರೆ ಹಿಂದೆ ಒಂದು ಗುಂಡು ಹಾರಿಸುತ್ತಿದ್ದರು. ಸಾವಾದರೆ ಎರಡು. ಗುಡ್ಡದ ಆಚೆ ಇರೋ ನೆಂಟರಿಗೆ ಅದೇ ಸುದ್ದಿ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ. "ನಮ್ಮಪ್ಪ ಸತ್ತಾಗ ನಾನು ಚೆನ್ನೈನಲ್ಲಿದ್ದೆ. ಮನೆ ತಲುಪೋದರೊಳಗೆ ಆ ಎರಡು ಗುಂಡು ಹಾರಿಸಿಯಾಗಿತ್ತು. ಅದನ್ನು ಕೇಳಲಿಲ್ಲವಲ್ಲ ಅನ್ನೋದು ಇವತ್ತಿಗೂ ನನ್ನ ಮನಸ್ಸಲ್ಲಿದೆ" ಅಂದರು ಫೋನಿನಲ್ಲಿ. ನಾನು ಕಾಫಿ ಲೋಟ ಕೆಳಗಿಟ್ಟೆ. ಇಷ್ಟು ವರ್ಷದ ಪರಿಚಯದಲ್ಲಿ ನನಗೂ ಅವರು ಅದನ್ನು ಹೇಳಿರಲಿಲ್ಲ.

ಅಚ್ಚಾಗಿದ್ದು, ಜನ್ಮಸಿದ್ಧ ಹಕ್ಕು. ಆ ಮಾತನ್ನು ಅವರು ಆಡಿದ್ದು ನಿಜ. ಆದರೆ ಹೇಗೆ? "ಕೆಲವರು ಇದನ್ನು ಜನ್ಮಸಿದ್ಧ ಹಕ್ಕು ಅಂತಾರೆ, ನಾನು ಹಾಗನ್ನಲ್ಲ, ಸರ್ಕಾರ ಕೊಟ್ಟಿರೋ ವಿನಾಯಿತಿ ಅಷ್ಟೇ, ಅದನ್ನು ಜವಾಬ್ದಾರಿಯಿಂದ ಉಳಿಸಿಕೊಳ್ಳಬೇಕು" ಅಂತ. ಮೊದಲರ್ಧ ಉಳಿಯಿತು, ಉಳಿದರ್ಧ ಜಾಗ ಸಾಲದೆ ಹೋಯಿತು.

*

ನಮ್ಮ ಸಾರ್ ಸಾಮಾನ್ಯ ಮನುಷ್ಯ, ಒಂದು ವಾರದಲ್ಲಿ ಜನ ಮರೆತರು. ಸಾರ್ವಜನಿಕ ಜೀವನದಲ್ಲಿ ಇರುವವರ ಗತಿ?

ಕೊಡವ ನ್ಯಾಷನಲ್ ಕೌನ್ಸಿಲ್‌ನ ಎನ್.ಯು. ನಾಚಪ್ಪ ಅವರನ್ನು ನೋಡಿ. ದಶಕಗಳಿಂದ ಹೋರಾಟ ಮಾಡುತ್ತಿರೋ ಮನುಷ್ಯ. ಅವರ ಸಂಘಟನೆ 'ತೋಕ್ ನಮ್ಮೆ', ಅಂದರೆ ಕೋವಿ ಹಬ್ಬ, ನಡೆಸುತ್ತದೆ. ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ರಕ್ಷಣೆ ಇದೆಯಲ್ಲ, ಹಾಗೇ ಕೊಡವರ ಕೋವಿಗೂ ಸಂಸ್ಕಾರದ ಭಾಗವಾಗಿ ರಕ್ಷಣೆ ಬೇಕು ಅನ್ನೋದು ಅವರ ಬೇಡಿಕೆ. ನನಗೆ ಈ ವಾದ ಒಪ್ಪಿಗೆ ಇಲ್ಲ. ಕೃಪಾಣದ ಗಾಯ ಒಂದು ಮಾರು ದೂರಕ್ಕೆ, ಗುಂಡಿನ ಗಾಯ ಎಷ್ಟು ದೂರಕ್ಕೆ? ಆದರೆ ಅದು ಸಂವಿಧಾನದ ಪುಸ್ತಕ ಮುಂದಿಟ್ಟುಕೊಂಡು ಆಡೋ ವಾದ. ಒಪ್ಪುವವರೂ ಒಪ್ಪದವರೂ ಕೂತು ಮಾತಾಡಬಹುದಾದ್ದು. ನಾನು ಓದಿದ ಸುದ್ದಿಗಳಲ್ಲಿ ಹೆಚ್ಚಿನವಕ್ಕೆ ಆ ವಾದ ಕೊನೆಯ ಪ್ಯಾರಾ, ಮೊದಲಿಗೆ ಕೋವಿ ಹಿಡಿದ ಫೋಟೋ. ಕೋವಿ ಹಬ್ಬ ಮಾಡಿದರೆ ಕೋವಿಯ ಫೋಟೋ ಹಾಕದೆ ಇನ್ನೇನು ಹಾಕಬೇಕು ಅನ್ನಬಹುದು. ಸರಿಯೇ. ಆದರೆ ಹಬ್ಬವಿಲ್ಲದ ದಿನ, ಕೋರ್ಟಿನ ಸುದ್ದಿಗೂ ಅದೇ ಫೋಟೋ ಬಂದರೆ?

ಒಂದು ಫೋಟೋಕ್ಕೆ ಎಷ್ಟು ಬಲ ಇದೆ ಅನ್ನೋದು ಚೆನ್ನೈನವರಿಗೆ ಹೇಳಿಕೊಡಬೇಕಾಗಿಲ್ಲ. 1967ರ ಜನವರಿ 12ರಂದು ಎಂ.ಆರ್. ರಾಧಾ ಎಂಜಿಆರ್ ಮೇಲೆ ಗುಂಡು ಹಾರಿಸಿದರು. ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿ ಆಸ್ಪತ್ರೆ ಹಾಸಿಗೆಯಲ್ಲಿದ್ದ ಎಂಜಿಆರ್ ಫೋಟೋ ಪೋಸ್ಟರಾಗಿ ಊರೆಲ್ಲ ಹರಡಿತು. ಪ್ರಚಾರಕ್ಕೆ ಹೋಗದೆಯೇ ಅವರು ಪರಂಗಿಮಲೈಯಲ್ಲಿ ಗೆದ್ದರು. ಇಲ್ಲಿನ ಹಿರಿಯರು ಆ ಚುನಾವಣೆ ಬಗ್ಗೆ ಹೇಳುವಾಗ ಇವತ್ತಿಗೂ ಮೊದಲು ಹೇಳೋದು ಆ ಫೋಟೋ ಕಥೆಯನ್ನೇ.

ಅಮೆರಿಕದಲ್ಲೂ ಇದೇ ಪಾಡು. 'ಟೆನ್ ಕಮಾಂಡ್‌ಮೆಂಟ್ಸ್' ಸಿನಿಮಾದಲ್ಲಿ ಮೋಸೆಸ್ ಆಗಿದ್ದ ಚಾರ್ಲ್ಟನ್ ಹೆಸ್ಟನ್ ನೆನಪಿರಬೇಕು. 1998ರಿಂದ 2003ರವರೆಗೆ ಅಲ್ಲಿನ ಕೋವಿ ಪರ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದರು. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು ಗುಂಡಿನ ಮಳೆ ಸುರಿಸಿದರು. ಹತ್ತಿರದ ಡೆನ್ವರಿನಲ್ಲಿ ಕೆಲವೇ ದಿನದಲ್ಲಿ ಆ ಸಂಘಟನೆಯ ಸಭೆ. ಮೈಕೆಲ್ ಮೂರ್ 2002ರಲ್ಲಿ ಇದರ ಮೇಲೆ ಸಾಕ್ಷ್ಯಚಿತ್ರ ಮಾಡಿ ಆಸ್ಕರ್ ಗೆದ್ದರು. ಅದರಲ್ಲಿ ಹೆಸ್ಟನ್ ಕೋವಿ ಎತ್ತಿ ಹಿಡಿದು ಗುಡುಗೋ ದೃಶ್ಯ ಇದೆ, ತಕ್ಷಣ ಡೆನ್ವರ್ ಸಭೆ. ನೋಡಿದವರಿಗೆ, ಅಲ್ಲಿ ಮಕ್ಕಳು ಸತ್ತಿದ್ದಾರೆ, ಈ ಮನುಷ್ಯ ಅಲ್ಲೇ ಬಂದು ಕೋವಿ ಎತ್ತುತ್ತಾನಲ್ಲ ಅನ್ನಿಸುತ್ತೆ. ಕೋವಿ ಎತ್ತಿದ ದೃಶ್ಯ ಮಾರನೇ ವರ್ಷದ್ದು, ಬೇರೆ ಊರಿನದ್ದು. ನಾನೂ ಅದನ್ನು ನೋಡಿ ಹಲ್ಲು ಕಚ್ಚಿದ್ದೆ. ಅದೇ ಹೆಸ್ಟನ್ 1963ರಲ್ಲಿ ವಾಷಿಂಗ್‌ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಡೆಸಿದ ಮೆರವಣಿಗೆಯಲ್ಲಿ ಪಾಲ್ಗೊಂಡಿದ್ದರು ಅನ್ನೋದು ಬಹಳ ವರ್ಷದ ನಂತರ ತಿಳಿಯಿತು. ಡೆನ್ವರ್ ಸಭೆ ನಡೆಸಿದ್ದೇ ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತೆ. ಆದರೆ ಅದನ್ನು ತಪ್ಪು ಅನ್ನಲು ಇನ್ನೊಂದು ವರ್ಷದ ದೃಶ್ಯ ಯಾಕೆ ಬೇಕಿತ್ತು?

ನಮ್ಮ ಇತಿಹಾಸದಲ್ಲೂ ಇಂಥ ಮರೆವು ಇದೆ. ಆಯುಧ ಇಟ್ಟುಕೊಳ್ಳೋ ಹಕ್ಕು ಅಂದರೆ ಅದು ಅಮೆರಿಕದ ಹುಚ್ಚು ಅಂತ ನಾವು ಅಂದುಕೊಂಡಿದ್ದೇವೆ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಅದೂ ಒಂದು ಹಕ್ಕಾಗಿ, ಕಟ್ಟುಪಾಡುಗಳೊಂದಿಗೆ, ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಹಕ್ಕು ಸೇರಿಸಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು! ಐಸಿಎಸ್ ಬಿಟ್ಟು ಸುಭಾಷರ ಫಾರ್ವರ್ಡ್ ಬ್ಲಾಕ್ ಸೇರಿದವರು. ಅಂಬೇಡ್ಕರ್ ಒಪ್ಪಲಿಲ್ಲ. ಇದು ಹಕ್ಕಾದರೆ ಕಳ್ಳಕಾಕರೂ ನಮಗೂ ಇದೆ ಅಂತ ಬರುತ್ತಾರಲ್ಲ ಅನ್ನೋದು ಅವರ ಆಕ್ಷೇಪ. ತಿದ್ದುಪಡಿ ಬಿದ್ದುಹೋಯಿತು. ನನ್ನ ಪ್ರಕಾರ ಅಂಬೇಡ್ಕರ್ ಹೇಳಿದ್ದೇ ಸರಿ. ಆದರೆ ಅಲ್ಲಿ ನಡೆದದ್ದು ನೋಡಿ: ಕಾಮತರು ತಮ್ಮ ವಾದ ಮುಂದಿಟ್ಟರು, ಅಂಬೇಡ್ಕರ್ ಆ ವಾದಕ್ಕೇ ಉತ್ತರ ಕೊಟ್ಟರು. ಕಾಮತರ ವೇಷಭೂಷಣಕ್ಕಲ್ಲ.

*

ಇಷ್ಟು ಹೇಳಿದ ಮೇಲೆ ಪತ್ರಿಕೆಗಳೆಲ್ಲ ಕೊಡವರ ವಿರುದ್ಧ ಅಂತ ನೀವು ಅಂದುಕೊಂಡರೆ ಅದೂ ತಪ್ಪು. ಬಹಳಷ್ಟು ಪತ್ರಿಕೆಗಳು ಹೊಗಳುತ್ತವೆ. ವೀರರ ನಾಡು, ಕ್ಷಾತ್ರ ಪರಂಪರೆ, ಕಾರ್ಯಪ್ಪ, ತಿಮ್ಮಯ್ಯ... ಆ ಹೊಗಳಿಕೆಯ ಪಕ್ಕದಲ್ಲೂ ಅದೇ ಕುಪ್ಯ-ಚೇಲೆ-ಕೋವಿ ಫೋಟೋ! ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಮೆಚ್ಚುಗೆ. ಮನುಷ್ಯ ಮಾತ್ರ ಇಬ್ಬರಿಗೂ ಕಾಣುವುದಿಲ್ಲ.

ಇದರಿಂದ ದೊಡ್ಡ ನಷ್ಟ ಏನು ಗೊತ್ತಾ? ಕೋವಿ ಪರವಾಗಿರುವವರನ್ನು ಕೇಳಲೇಬೇಕಾದ ಗಟ್ಟಿ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. 1861ರ ವಿನಾಯಿತಿ ಬ್ರಿಟಿಷರಿಗೆ ತೋರಿಸಿದ ನಿಷ್ಠೆಗೆ ಸಿಕ್ಕ ಬಹುಮಾನ. ಅದನ್ನು ವೀರ ಪರಂಪರೆ ಅಂತ ಹೇಗೆ ಹೇಳುತ್ತೀರಿ? ಅದೇ ಕೊಡಗಿನಲ್ಲಿ ಗಾಂಧೀಜಿ ದಾರಿ ಹಿಡಿದ ಪಂದ್ಯಂಡ ಬೆಳ್ಳಿಯಪ್ಪನವರೂ ಇದ್ದರಲ್ಲ, ಅವರದ್ದು ಯಾವ ಪರಂಪರೆ? ತೋಟದ ಲೈನ್ ಮನೆಯಲ್ಲಿರೋ ಯರವ ಕಾರ್ಮಿಕನಿಗೆ ಮಾಲೀಕನ ಗೋಡೆಯ ಕೋವಿ ಹೇಗೆ ಕಾಣುತ್ತದೆ? ಆನೆ, ಹಂದಿ ಕಾಟ ಅವನಿಗೂ ಇಲ್ಲವೇ? ತೋಟದ ಬೇಲಿ ಜಗಳ, ಕುಡಿದ ಅಮಲು, ಗುಂಡು, ಇಂಥ ಸುದ್ದಿಗಳೂ ಬರುತ್ತವೆ, ಅದು ಸುಳ್ಳಲ್ಲ. ಅದಕ್ಕೆ ನಿಮ್ಮ ಉತ್ತರವೇನು? ಎದುರಿಗೆ ಕೂರಿಸಿ ಇದನ್ನು ಕೇಳಿದರೆ ಒಳ್ಳೇ ಪತ್ರಿಕೋದ್ಯಮ. ಫೋಟೋ ಹಾಕಿ ಕಳಿಸಿದರೆ ಕೇಳಬೇಕಾದವನೂ ತಪ್ಪಿಸಿಕೊಂಡ, ಉತ್ತರಿಸಬೇಕಾದವನೂ ತಪ್ಪಿಸಿಕೊಂಡ.

ಇದರಲ್ಲಿ ಯರವರ ಪ್ರಶ್ನೆಯನ್ನು ನಾನೇ ಒಂದು ದಿನ ಸಾರ್‌ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಹುಡುಗ ಅವತ್ತು ಇದನ್ನು ಕೇಳಿದ್ದರೆ ಇಲ್ಲ ಅಂತಲೇ ಹೇಳ್ತಿದ್ದೆ" ಅಂದರು. ಆ ಹುಡುಗ ಅಂದರೆ ವರದಿಗಾರ.

*

ಈಗ ನನ್ನ ತಪ್ಪೊಪ್ಪಿಗೆ.

ಕೊಡಗಿನಿಂದ ವರ್ಗವಾಗಿ ಬಂದ ಮೇಲೆ ನನ್ನ ಹತ್ತಿರ ಒಂದು ಜೋಕ್ ಇತ್ತು. ಟಿ. ನಗರದಲ್ಲಿ ನಾವು ಕನ್ನಡದವರು ಸೇರಿದಾಗೆಲ್ಲ ಹೇಳುತ್ತಿದ್ದೆ. "ಕೊಡಗಿನಲ್ಲಿ ಸಾಲ ವಸೂಲಿಗೆ ಹೋಗೋ ಆಫೀಸರ್ ಎರಡು ಫಾರಂ ತಗೊಂಡು ಹೋಗಬೇಕು. ಒಂದು ರಿಕವರಿ ನೋಟಿಸ್, ಇನ್ನೊಂದು ತನ್ನದೇ ನಾಮಿನೇಷನ್ ಫಾರಂ!" ಎಲ್ಲರೂ ಬಿದ್ದು ಬಿದ್ದು ನಗೋರು. ಇಪ್ಪತ್ತು ವರ್ಷ ಓಡಿದ ಜೋಕ್ ಅದು.

ಆ ಜೋಕಿನ ಹಿಂದಿನ ಕಥೆ ಇಷ್ಟು. 1993ರಲ್ಲಿ ವಿರಾಜಪೇಟೆ ಕಡೆ ಒಬ್ಬ ವಯಸ್ಸಾದ ಬೆಳೆಗಾರರ ಮನೆಗೆ ಹೋಗಿದ್ದೆ. ಸಾಲ ಓವರ್‌ಡ್ಯೂ. ಕಾಫಿ ಬೋರ್ಡಿನ ಪೂಲ್ ಹಣ ಕಂತಿನಲ್ಲಿ ಬರುತ್ತಿದ್ದ ಕಾಲ, ಅವರ ತಪ್ಪೇನೂ ಇರಲಿಲ್ಲ. ಗೋಡೆ ಮೇಲೆ ಜೋಡಿ ನಳಿಗೆಯ ಕೋವಿ. ನನ್ನ ಕಣ್ಣು ಪದೇ ಪದೇ ಅಲ್ಲಿಗೇ. ಅವರು ಎದ್ದು ಕೋವಿ ಕೆಳಗಿಳಿಸಿದರು. ನನಗೆ ಬೆವರು. ಅವರು ಅದನ್ನು ಒಳಗಿನ ಕೋಣೆಗೆ ಒಯ್ದಿಟ್ಟು ಬೀಗ ಹಾಕಿ ಬಂದು, "ಈಗ ಆರಾಮಾಗಿ ಮಾತಾಡಿ ಮಗೂ, ಮೊದಲು ಕಾಫಿ ಕುಡಿ" ಅಂದರು. ಹಣ ಬಂದ ವಾರದಲ್ಲೇ ಬಂದು ಬಾಕಿ ಕಟ್ಟಿದರು.

ನನ್ನ ಜೋಕಿನಲ್ಲಿ ಕೋವಿ ಗೋಡೆಯಿಂದ ಕೆಳಗೆ ಬಂದದ್ದಷ್ಟೇ ಇತ್ತು. ಬೀಗವೂ ಇಲ್ಲ, ಕಾಫಿಯೂ ಇಲ್ಲ, ಕಟ್ಟಿದ ಬಾಕಿಯೂ ಇಲ್ಲ. ಇದ್ದರೆ ಯಾರು ನಗುತ್ತಿದ್ದರು?

ಆ ಪತ್ರಿಕೆಯನ್ನು ನಾನು ಬೈಯುತ್ತಿದ್ದಾಗ ಒಂದು ಸಂಜೆ ಸಾರ್ ತಣ್ಣಗೆ ಹೇಳಿದರು, "ಅವನು ಪಾಪ, ನನ್ನ ಜೊತೆ ಅರ್ಧ ಗಂಟೆ ಮಾತಾಡಿ ಎರಡು ಸಾಲು ಬರೆದ. ನೀವು ನಮ್ಮೂರಲ್ಲಿ ಮೂರು ವರ್ಷ ಇದ್ರಿ."

ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ನನ್ನ ಜೋಕ್ ಹೇಳುವಾಗೆಲ್ಲ ಅವರೂ ಅದೇ ಸಭೆಯಲ್ಲಿ ಕೂತು ನಗುತ್ತಿದ್ದರು ಅನ್ನೋದು ಆಗ ನೆನಪಾಯಿತು. ನಾನು ಕ್ಷಮೆ ಕೇಳಿದೆ. "ಅಯ್ಯೋ ಬಿಡಿ, ಜೋಕ್ ಚೆನ್ನಾಗೇ ಇತ್ತು" ಅಂದರು.

ಮುಂದಿನ ರಾಜ್ಯೋತ್ಸವಕ್ಕೆ ಸೇರಿದಾಗ ಯಾರೋ ಕೂಗಿದರು, "ಆ ಕೊಡಗಿನ ನಾಮಿನೇಷನ್ ಫಾರಂ ಜೋಕ್ ಹೇಳಿ ಸಾರ್!" ನಾನು ಪೂರ್ತಿ ಕಥೆ ಹೇಳಿದೆ, ಬೀಗ, ಕಾಫಿ, ಬಾಕಿ ಸಮೇತ. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ, ಇಲ್ಲೇ ಹುಟ್ಟಿ ಬೆಳೆದವನು, ಕೈ ಎತ್ತಿ ಕೇಳಿದ, "ಅಂಕಲ್, ಅವರಿಗೆ ಮಾತ್ರ ಯಾಕೆ ಲೈಸೆನ್ಸ್ ಬೇಡ?"

ಸಾರ್ ಮೊದಲ ಸಾಲಿನಲ್ಲಿ ಕೂತಿದ್ದರು. ಮೈಕ್ ಅವರ ಕೈಗೆ ಕೊಟ್ಟೆ. ಊಟ ಅರ್ಧ ಗಂಟೆ ತಡವಾಯಿತು.